ಎಡಕ್ಕೆ ಬಿದ್ದ ಹೂವು

ನಮ್ಮ ಮನೆಯಲ್ಲಿ ಅಪ್ಪನ ತಟ್ಟೆ ಬೇರೆ ಇತ್ತು. ಅಡುಗೆಮನೆಯ ಗೂಡಿನಲ್ಲಿ ಎಲ್ಲರ ಹಿತ್ತಾಳೆ ತಟ್ಟೆಗಳು ಒಂದರ ಮೇಲೊಂದು ಕೂತಿದ್ದರೆ, ಅವನ ಅಲ್ಯುಮಿನಿಯಂ ತಟ್ಟೆ ಮಾತ್ರ ನೀರಿನ ಹಂಡೆಯ ಪಕ್ಕ ಗೋಡೆಗೆ ಒರಗಿ ನಿಂತಿರುತ್ತಿತ್ತು. ಅಪ್ಪ ಕುಡಿಯುತ್ತಿರಲಿಲ್ಲ, ಇಸ್ಪೀಟು ಆಡುತ್ತಿರಲಿಲ್ಲ, ಹತ್ತಿ ಗಿರಣಿಯಲ್ಲಿ ಫಿಟ್ಟರ್ ಕೆಲಸ ಮಾಡಿ ಸಂಬಳವನ್ನು ತಾಯಿಯ ಕೈಗೇ ಕೊಡುತ್ತಿದ್ದ. ಅವನ ತಪ್ಪು ಒಂದೇ. ದೇವರಿಲ್ಲ ಅನ್ನುತ್ತಿದ್ದ. ಅಂದು ಸುಮ್ಮನಾಗಿದ್ದರೆ ನಡೆಯುತ್ತಿತ್ತೋ ಏನೋ, ಒಂದು ದಿನ ಕೊರಳಿನ ಲಿಂಗವನ್ನೂ ಬಿಚ್ಚಿ ಅಜ್ಜಿಯ ಮುಂದಿಟ್ಟಿದ್ದ. ನಮ್ಮದು ಲಿಂಗಪೂಜೆ ಆಗದೆ ಯಾರೂ ತುತ್ತು ಎತ್ತದ ಮನೆ. ಲಿಂಗವಿಲ್ಲದವನನ್ನು ಪಂಕ್ತಿಯಲ್ಲಿ ಹೇಗೆ ಕೂರಿಸುವುದು? ಹೊರಗೆ ಹಾಕಲು ಹೆತ್ತ ಕರುಳು ಒಪ್ಪಲಿಲ್ಲ. ಹಾಗಾಗಿ ಅಜ್ಜಿ ನಡುವಿನ ದಾರಿ ಹಿಡಿದಳು. ಎಲ್ಲರೂ ಉಂಡ ಮೇಲೆ ಪಡಸಾಲೆಯ ಕಂಬದ ಪಕ್ಕ ಅಪ್ಪ ಒಬ್ಬನೇ ಉಣ್ಣುತ್ತಿದ್ದ. ಬಡಿಸಲು ಬಂದ ಅಜ್ಜಿ ಪ್ರತಿ ಸಲವೂ ಅದೇ ಮಾತು ಎತ್ತುತ್ತಿದ್ದಳು.

“ಸಿದ್ದಲಿಂಗಪ್ಪ ಅಂತ ಹೆಸರಿಟ್ಟೆ. ಹೆಸರಿನಾಗೆ ಐತೆ, ಕೊರಳಾಗೆ ಇಲ್ಲ.”

“ಸಾರು ಇನ್ನೊಂದೀಟು ಹಾಕವ್ವ,” ಅನ್ನುತ್ತಿದ್ದ ಅಪ್ಪ.

ಅಷ್ಟೇ ಅವರಿಬ್ಬರ ವಾದ. ನಾನು ಎರಡು ಕಡೆಯೂ ಉಣ್ಣುತ್ತಿದ್ದೆ. ಮೊದಲು ಒಳಗೆ ಪಂಕ್ತಿಯಲ್ಲಿ, ಆಮೇಲೆ ಅಪ್ಪನ ಪಕ್ಕ ಕೂತು ಅವನ ತಟ್ಟೆಯಿಂದ ಎರಡು ತುತ್ತು. ಹಸಿವಿಗಲ್ಲ. ಒಬ್ಬನೇ ಕೂತು ಅಗಿಯುವ ಮನುಷ್ಯನನ್ನು ನೋಡುತ್ತ ನಿಲ್ಲುವುದು ನನಗೆ ಆಗುತ್ತಿರಲಿಲ್ಲ.

ದಾವಣಗೆರೆಯ ಹಳೆಯ ಪೇಟೆಯಲ್ಲಿ ಬೀದಿಗೆ ಅಂಗಡಿ, ಹಿಂದೆ ಮನೆ. ಅಂಗಡಿ ಬೆಲ್ಲದ್ದು. ಅಪ್ಪನ ಅಣ್ಣ, ಅಂದರೆ ದೊಡ್ಡಪ್ಪ, ಗಾದಿಯ ಮೇಲೆ ಕೂತು ವ್ಯಾಪಾರ ನೋಡಿಕೊಳ್ಳುತ್ತಿದ್ದ. ಅಂಗಡಿಯಿಂದ ಒಳಗೆ ಬಂದರೆ ಪಡಸಾಲೆ, ಪಡಸಾಲೆಯ ನಡುವೆ ಬಾಗಿಲು ತೆರೆದುಕೊಂಡ ದೇವರ ಕೋಣೆ, ಅದರಾಚೆ ಅಡುಗೆಮನೆ, ಕೊನೆಗೆ ಬೆಲ್ಲದ ಅಚ್ಚುಗಳನ್ನು ಗೋಣಿಯ ಮೇಲೆ ಜೋಡಿಸಿಟ್ಟ ಕತ್ತಲೆ ಕೋಣೆ. ಬಚ್ಚಲಿಗೆ ಹೋಗಬೇಕಾದರೂ ದೇವರ ಎದುರಿಗೇ ಹಾದು ಹೋಗಬೇಕು. ಒಳಗೆ ಮಣೆಯ ಮೇಲೆ ಹಿತ್ತಾಳೆಯ ವೀರಭದ್ರ ನಿಂತಿದ್ದ. ದೊಡ್ಡ ಮೀಸೆ, ಕೈಯಲ್ಲಿ ಕತ್ತಿ. ಅಜ್ಜಿ ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಅವನ ಮೂಗು ಸವೆದು ಹೋಗಿತ್ತು. ಎಲ್ಲರೂ ಆ ಬಾಗಿಲ ಮುಂದೆ ಒಂದು ಗಳಿಗೆ ನಿಂತು ಕೈಮುಗಿದು ಮುಂದೆ ಹೋಗುವರು, ಅಪ್ಪ ಮಾತ್ರ ಟವೆಲ್ ಹೆಗಲಿಗೆ ಹಾಕಿಕೊಂಡು ನೇರ ಬಚ್ಚಲಿಗೆ ಹೋಗುತ್ತಿದ್ದ. ನಾನು ಕೈಮುಗಿಯುತ್ತಿದ್ದೆ. ವೀರಭದ್ರ ನನಗೆ ಇಷ್ಟ. ಅವ್ವನಿಲ್ಲದ ಹುಡುಗಿಗೆ ಅಷ್ಟು ದೊಡ್ಡ ಮೀಸೆಯವನೊಬ್ಬ ತನ್ನ ಕಡೆ ಇದ್ದಾನೆ ಅನ್ನುವುದು ಸಣ್ಣ ಧೈರ್ಯವಲ್ಲ.

ಅವ್ವ ಕಾಮಾಲೆಯಲ್ಲಿ ಹೋದಾಗ ನನಗೆ ಅವಳ ಮುಖ ನೆನಪಿಟ್ಟುಕೊಳ್ಳುವಷ್ಟು ವಯಸ್ಸೂ ಆಗಿರಲಿಲ್ಲ. ಹೆಂಡತಿ ಸತ್ತ ಸಿಟ್ಟಿಗೆ ಸಿದ್ದಲಿಂಗಪ್ಪ ದೇವರನ್ನು ಬಿಟ್ಟ ಎಂದು ಓಣಿಯವರೆಲ್ಲ ಹೇಳುತ್ತಿದ್ದರು. ಹೇಳುವವರ ದನಿಯಲ್ಲಿ ಸ್ವಲ್ಪ ಕನಿಕರವೂ ಇರುತ್ತಿತ್ತು, ಸಿಟ್ಟು ಇಳಿದ ಮೇಲೆ ವಾಪಸ್ ಬರುತ್ತಾನೆ ಬಿಡು ಎಂಬಂತೆ. ಒಂದು ಭಾನುವಾರ ಅಪ್ಪ ಸೈಕಲ್ಲಿನ ಚೈನು ಕಳಚಿ ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದಾಗ ನಾನು ಕೇಳಿಯೇ ಬಿಟ್ಟೆ.

“ಅವ್ವನ್ನ ಕರ್ಕೊಂಡ ಅಂತ ನಿಂಗೆ ದೇವರ ಮ್ಯಾಲೆ ಸಿಟ್ಟೇನಪ್ಪ?”

“ಇಲ್ಲವ್ವ. ನಾನು ಬಿಟ್ಟಿದ್ದು ನಿಮ್ಮವ್ವ ಇದ್ದಾಗ್ಲೇ. ಅವನು ಅದಾನೆ ಅಂತ ನಂಬಿದ್ರೆ ಒಂದಿಷ್ಟು ಬೈದಾದ್ರೂ ಮನಸ್ಸು ಹಗುರ ಮಾಡ್ಕೊಬೋದಿತ್ತು. ನನಗೆ ಆ ಸುಖಾನೂ ಇಲ್ಲ.”

ಹೇಳಿ ಮತ್ತೆ ಚೈನು ತಿಕ್ಕತೊಡಗಿದ. ಬೈಯುವುದನ್ನು ಸುಖ ಅಂತ ಯಾಕೆ ಕರೆದ ಎಂದು ನನಗೆ ಆಗ ಗೊತ್ತಾಗಲಿಲ್ಲ.

ಇನ್ನು ಹೂವಿನ ವಿಷಯ. ನಮ್ಮ ಮನೆಯಲ್ಲಿ ಯಾರೂ ಏನನ್ನೂ ತಾವಾಗಿ ನಿರ್ಧರಿಸುತ್ತಿರಲಿಲ್ಲ, ದೇವರಿಗೆ ಹೂ ಕೇಳುತ್ತಿದ್ದರು. ಎರಡು ಕಣಗಲ ಹೂವನ್ನು ನೀರಲ್ಲಿ ಅದ್ದಿ ವೀರಭದ್ರನ ಎರಡೂ ಹೆಗಲಿಗೆ ಅಂಟಿಸಿ, ಮನಸ್ಸಿನ ಪ್ರಶ್ನೆಯನ್ನು ಬಾಯಿಬಿಟ್ಟು ಹೇಳಿ, ಕೈಮುಗಿದು ಕೂರುವುದು. ದೇವರ ಬಲಗಡೆಯ ಹೂವು ಮೊದಲು ಬಿದ್ದರೆ ಆಗಲಿ ಎಂದು ಅಪ್ಪಣೆ, ಎಡಗಡೆಯದು ಬಿದ್ದರೆ ಬೇಡ. ಬಾತಿಯ ಹತ್ತಿರ ಹೊಲ ಕೊಳ್ಳಬೇಕೋ, ದೊಡ್ಡಪ್ಪನ ಮಗನಿಗೆ ಭಾನುವಳ್ಳಿಯ ಹೆಣ್ಣು ತರಬೇಕೋ, ಕರು ಹಾಕಿದ ಎಮ್ಮೆಯನ್ನು ಮಾರಬೇಕೋ, ಎಲ್ಲವೂ ಆ ಹೆಗಲಿನಿಂದಲೇ ಇಳಿಯಬೇಕು. ನನ್ನನ್ನು ಶಾಲೆಗೆ ಸೇರಿಸಿದ್ದೂ ಬಲಗಡೆ ಬಿದ್ದ ಹೂವಿನಿಂದಲೇ. ಬಲಕ್ಕೆ ಬಿದ್ದಾಗ ಅಜ್ಜಿ ಗಂಟೆ ಬಾರಿಸುತ್ತಿದ್ದಳು, ಎಡಕ್ಕೆ ಬಿದ್ದರೆ ಸುಮ್ಮನೆ ಎದ್ದು ಬರುತ್ತಿದ್ದಳು. ಪಡಸಾಲೆಯಲ್ಲಿ ಕೂತವರಿಗೆ ಗಂಟೆಯ ಸದ್ದಿನಿಂದಲೇ ತೀರ್ಮಾನ ತಿಳಿಯುತ್ತಿತ್ತು. ಆ ಏರ್ಪಾಟಿನಲ್ಲಿ ಒಂದು ನೆಮ್ಮದಿಯಿತ್ತು ಅನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ. ಹೊಲದಲ್ಲಿ ಬೆಳೆ ಬರಲಿಲ್ಲ, ಸೊಸೆ ಜಗಳಗಂಟಿ ಬಂದಳು ಎಂದು ಒಬ್ಬರು ಇನ್ನೊಬ್ಬರನ್ನು ದೂರುವ ಪ್ರಮೇಯವೇ ಬರುತ್ತಿರಲಿಲ್ಲ.

ಆ ಮನೆಗೆ ಒಂದು ಶ್ರಾವಣದಲ್ಲಿ ಗಿರಿಜತ್ತೆ ಬಂದಳು. ಅಪ್ಪನ ತಂಗಿ. ಹರಿಹರಕ್ಕೆ ಕೊಟ್ಟಿದ್ದರು. ಗಂಡನಿಗೆ ಅಲ್ಲಿ ಬಟ್ಟೆ ಅಂಗಡಿ. ಹರಿಹರ ಅಂದರೆ ಎಷ್ಟು ದೂರ? ಬಸ್ಸು ಹತ್ತಿ ಕಂಡಕ್ಟರು ಟಿಕೆಟು ಹರಿದು ಮುಗಿಸುವಷ್ಟರಲ್ಲಿ ಬಾತಿ ದಾಟಿರುತ್ತದೆ, ಕಣ್ಣು ಹತ್ತುವಷ್ಟರಲ್ಲಿ ಇಳಿಯುವ ಹೊತ್ತು. ಅಷ್ಟು ಹತ್ತಿರದಿಂದ ಬಂದವಳು ಕೈಯಲ್ಲಿ ಒಂದು ಚೀಲವನ್ನೂ ಹಿಡಿಯದೆ, ಕಾಲಲ್ಲಿ ಚಪ್ಪಲಿಯಿಲ್ಲದೆ ಅಂಗಡಿಯ ಮುಂದೆ ನಿಂತಿದ್ದಳು. ದೊಡ್ಡಪ್ಪ ಗಿರಾಕಿಗಳ ಮುಂದೆ ಏನೂ ಕೇಳದೆ, “ಒಳಗ್ ನಡಿ,” ಅಂದ. ಬೆನ್ನಿನ ಮೇಲೆ ಬೆಲ್ಟಿನ ಬರೆ ಇದ್ದದ್ದನ್ನು ಬಚ್ಚಲಲ್ಲಿ ನೀರು ಹಾಕುವಾಗ ದೊಡ್ಡವ್ವ ನೋಡಿದಳು, ದೊಡ್ಡವ್ವನ ಹಿಂದೆ ನಿಂತಿದ್ದ ನಾನೂ ನೋಡಿದೆ. ಅತ್ತೆಯ ಗಂಡನನ್ನು ನಾನು ಕಂಡಿದ್ದೆ. ಮೆತ್ತಗೆ ಮಾತಾಡುವವನು, ಹಣೆ ತುಂಬ ವಿಭೂತಿ, ಎರಡು ಹೊತ್ತೂ ಪೂಜೆ ತಪ್ಪಿಸದವನು. ಅದೇ ಕೈ ಇದನ್ನು ಮಾಡಿದ್ದು ಎಂದು ನಂಬಲು ನನಗೆ ಬಹಳ ಕಷ್ಟವಾಯಿತು.

ಅತ್ತೆಗೆ ಬೆಲ್ಲದ ಕೋಣೆಯಲ್ಲಿ ಜಾಗ ಮಾಡಿಕೊಟ್ಟರು, ನಾನೂ ನನ್ನ ಚಾಪೆಯನ್ನು ಅಲ್ಲಿಗೇ ಎಳೆದುಕೊಂಡು ಹೋದೆ. ಅಲ್ಲಿಂದ ದೀಪಾವಳಿಯವರೆಗಿನ ದಿನಗಳು ನನ್ನ ಬಾಲ್ಯದಲ್ಲಿ ನಾನು ಒಂಟಿ ಅಲ್ಲ ಅನ್ನಿಸಿದ ದಿನಗಳು. ಅತ್ತೆ ನನ್ನ ತಲೆ ಬಾಚುವಾಗ ಸಿಕ್ಕು ಎಳೆಯುತ್ತಿರಲಿಲ್ಲ. ಚಾಪೆ ಹಾಸುವ ಮೊದಲು ನೆಲಕ್ಕೆ ಅರಿಶಿನದ ಗೆರೆ ಎಳೆದು, “ಇರುವೇಗೋಳೇ, ಈ ಗೆರಿ ದಾಟಬ್ಯಾಡ್ರಿ, ಒಳಗ ಸಾಹುಕಾರ್ತಿ ಮಲಗ್ಯಾಳ,” ಅನ್ನುತ್ತಿದ್ದಳು. ಶಾಲೆಯಿಂದ ಬರುವಷ್ಟರಲ್ಲಿ ಮಂಡಕ್ಕಿಗೆ ಒಗ್ಗರಣೆ ಕೊಟ್ಟು ತಟ್ಟೆ ಮುಚ್ಚಿಟ್ಟಿರುತ್ತಿದ್ದಳು. ಇನ್ನೊಂದು ಕೆಲಸ ಮಾಡಿದಳು. ತನ್ನ ಊಟ ಮುಗಿಸಿದ ಮೇಲೂ ಪಡಸಾಲೆಗೆ ಬಂದು ಅಪ್ಪನೆದುರು ಕೂರುತ್ತಿದ್ದಳು, ಸುಮ್ಮನೆ, ಅವನ ಊಟ ಮುಗಿಯುವವರೆಗೆ. ಅಣ್ಣ ತಂಗಿ ಏನೂ ಅಂಥಾ ಮಾತಾಡುತ್ತಿರಲಿಲ್ಲ. ಗಿರಣಿಯಲ್ಲಿ ಯಾವ ಮಿಷನ್ನು ಕೆಟ್ಟಿತು ಎಂದು ಅವನು ಹೇಳುವನು, ಹೌದಾ ಎಂದು ಇವಳು ಕೇಳುವಳು. ಅಪ್ಪ ಆಗ ನಿಧಾನವಾಗಿ ಉಣ್ಣುತ್ತಿದ್ದ. ಅತ್ತೆ ಇಲ್ಲೇ ಇದ್ದುಬಿಡಲಿ ಎಂದು ನಾನು ದಿನಾ ಬಚ್ಚಲಿಗೆ ಹೋಗುವಾಗ ವೀರಭದ್ರನಿಗೆ ಹೇಳುತ್ತಿದ್ದೆ. ಬೇರೆ ಏನನ್ನೂ ಕೇಳುತ್ತಿರಲಿಲ್ಲ.

ದೀಪಾವಳಿ ಕಳೆಯುತ್ತಿದ್ದಂತೆ ಹರಿಹರದಿಂದ ಇಬ್ಬರು ಹಿರಿಯರು ಬಂದರು. ಗಂಡ ಕರೆಯುತ್ತಿದ್ದಾನೆ, ಕಳಿಸಿಕೊಡಿ, ಇಲ್ಲದಿದ್ದರೆ ಬೇರೆ ವಿಚಾರ ಮಾಡುತ್ತಾನೆ ಅಂದರು. ಹೋಳಿಗೆ ತಿಂದು, ಎಲೆ ಅಡಿಕೆ ಹಾಕಿಕೊಂಡು, ನಯವಾಗಿಯೇ ಹೇಳಿ ಹೋದರು. ದೊಡ್ಡಪ್ಪನಿಗೆ ಎರಡು ಹೆಣ್ಣುಮಕ್ಕಳಿದ್ದರು. ಗಂಡನ ಬಿಟ್ಟು ಬಂದ ಅತ್ತೆ ಮನೆಯಲ್ಲಿದ್ದರೆ ಅವರಿಗೆ ಗಂಡು ಬರುವುದಿಲ್ಲ ಅನ್ನುವ ಅಂಜಿಕೆ ಅವನದು. ಅದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ. “ಸೋಮವಾರ ಹೂ ಕೇಳಾಣ,” ಅಂದ. ಅತ್ತೆ ಆವತ್ತು ಅನ್ನ ಬಸಿಯುವಾಗ ಗಂಜಿಯನ್ನು ಕಾಲ ಮೇಲೆ ಚೆಲ್ಲಿಕೊಂಡಳು.

ಸೋಮವಾರ ಬೆಳಿಗ್ಗೆ ಅಜ್ಜಿ ಮಡಿಯಲ್ಲಿ ವೀರಭದ್ರನ ಮುಂದೆ ಕೂತಳು, ಪಕ್ಕದಲ್ಲಿ ದೊಡ್ಡಪ್ಪ. ಬಾಗಿಲ ಹೊರಗೆ ಗೋಡೆಗೆ ಒರಗಿ ಅತ್ತೆ, ಅವಳ ತೊಡೆಗೆ ಅಂಟಿಕೊಂಡು ನಾನು. ಅಪ್ಪ ಗಿರಣಿಗೆ ಹೊರಟವನು ಬುತ್ತಿ ಹಿಡಿದು ಪಡಸಾಲೆಯ ಕಂಬದ ಹತ್ತಿರ ನಿಂತಿದ್ದ. ಹೋಗದೆ ನಿಂತಿದ್ದ. ಅಜ್ಜಿ ಹೂವು ಅಂಟಿಸಿ, ಗಂಡನ ಮನೆಗೆ ಕಳಿಸಬಹುದಾದರೆ ಬಲಗಡೆ ಕೊಡಪ್ಪ ಅಂದಳು. ಹೆಚ್ಚು ಹೊತ್ತಾಗಲಿಲ್ಲ. ಹೂವು ಬಿತ್ತು. ಎಡಗಡೆಯದು. ಮಣೆಯ ಅಂಚಿಗೆ ತಾಗಿ ಉರುಳಿ ಹೊಸ್ತಿಲ ಹತ್ತಿರಕ್ಕೆ, ನನ್ನ ಕಣ್ಣೆದುರಿಗೇ ಬಂತು. ನಾನು ಅತ್ತೆಯ ಕೈಯನ್ನು ಒತ್ತಿದೆ. ಅವಳು ಉಸಿರು ಬಿಟ್ಟಳು. ನನಗೆ ಆ ಗಳಿಗೆಯಲ್ಲಿ ದೇವರು ಇದ್ದಾನೆ ಅನ್ನುವುದರಲ್ಲಿ ಒಂದಿಷ್ಟೂ ಸಂಶಯವಿರಲಿಲ್ಲ. ಅಷ್ಟು ನಂಬಿಕೆ ನನಗೆ ಮುಂದೆಂದೂ ಯಾವುದರ ಮೇಲೂ ಬರಲಿಲ್ಲ.

“ಹೂವು ಬಾಡಿತ್ತು,” ಅಂದ ದೊಡ್ಡಪ್ಪ.

“ಹೌದು, ನಿನ್ನೇದು. ನೀರೂ ಸರಿಯಾಗಿ ಹಿಡಿದಿಲ್ಲ,” ಅಂದಳು ಅಜ್ಜಿ. “ನೀಲಿ, ಹಿತ್ತಲಿಗೆ ಹೋಗಿ ಎರಡು ತಾಜಾ ಹೂ ಕಿತ್ಕೊಂಡು ಬಾ.”

ನಾನು ಏಳಲಿಲ್ಲ. ದೊಡ್ಡವ್ವ ಹೋಗಿ ತಂದಳು. ಈ ಸಲ ಎರಡೂ ಬೀಳಲಿಲ್ಲ. ಒಲೆಯ ಮೇಲಿನ ಹಾಲು ಉಕ್ಕಿ ಸೀದ ವಾಸನೆ ಬಂತು, ಅಂಗಡಿಗೆ ಗಿರಾಕಿ ಬಂದು ಕೂಗಿ ಹೋದ, ವೀರಭದ್ರ ಎರಡೂ ಹೂವನ್ನು ಹೆಗಲ ಮೇಲೆ ಹೊತ್ತು ಸುಮ್ಮನೆ ನಿಂತಿದ್ದ. ಅಜ್ಜಿ ಅವನ್ನು ತೆಗೆದು, ಕೇಳಿದ್ದರಲ್ಲೇ ಏನೋ ತಪ್ಪಾಯಿತು ಅಂದು ಇನ್ನೊಮ್ಮೆ ಅಂಟಿಸಿದಳು. ಈ ಸಲ ಗಂಡನ ಮನೆ ಅನ್ನಲಿಲ್ಲ, ಹುಡುಗಿಗೆ ಒಳ್ಳೆಯದಾಗುವುದಾದರೆ ಕೊಡು ಅಂದಳು. ಬಲಗಡೆಯ ಹೂವು ಬಿತ್ತು. ಅಜ್ಜಿ ಗಂಟೆ ಬಾರಿಸಿದಳು. ಬಾರಿಸುವಾಗ ಅವಳ ಕಣ್ಣಲ್ಲಿ ನೀರಿತ್ತು. ಅದನ್ನೂ ಹೇಳಬೇಕು, ಅವಳು ಕಲ್ಲು ಮನಸ್ಸಿನವಳಲ್ಲ. ಆಗ ಹಿಂದಿನಿಂದ ಅಪ್ಪನ ದನಿ ಬಂತು.

“ಅವ್ವ, ನಿಮ್ಮ ದೇವ್ರು ಮೊದಲ್ನೇ ಸಲಾನೇ ಬ್ಯಾಡ ಅಂದ. ನಂಬದೇ ಇರೋ ನನಗೇ ಕೇಳ್ತು. ನಿಮಗೆ ಯಾಕ ಕೇಳಲಿಲ್ಲ?”

ಅಜ್ಜಿ ಗಂಟೆಯನ್ನು ಕೆಳಗಿಟ್ಟಳು. ದೊಡ್ಡಪ್ಪ ತಿರುಗಿಯೂ ನೋಡದೆ ಹೇಳಿದ.

“ಲಿಂಗ ಬಿಚ್ಚಿಟ್ಟವಗೆ ದೇವರ ಮನೆ ಮಾತು ಯಾಕ ಬೇಕು? ಹೊತ್ತಾತು, ನೀನು ಗಿರಣಿಗೆ ನಡಿ.”

ಅಪ್ಪ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದ. ಆಮೇಲೆ ಅವನ ಸೈಕಲ್ಲು ಬೀದಿಗೆ ಇಳಿದ ಸದ್ದು ಕೇಳಿತು. ಮರುದಿನ ದೊಡ್ಡಪ್ಪ ಅತ್ತೆಯನ್ನು ಹರಿಹರದ ಬಸ್ಸಿಗೆ ಹತ್ತಿಸಿಕೊಂಡು ಹೋದ. ಬರಿಗೈಯಲ್ಲಿ ಬಂದವಳ ಕೈಗೆ ಈಗ ಹೊಸ ಸೀರೆ, ಉಡಿ ಅಕ್ಕಿ, ಬೆಲ್ಲದ ಅಚ್ಚು ಎಲ್ಲ ಇದ್ದವು. ಬೆಲ್ಲದ ಕೋಣೆಯ ನೆಲದಲ್ಲಿ ಅರಿಶಿನದ ಗೆರೆ ಇನ್ನೂ ಹಾಗೇ ಇತ್ತು. ನಾನು ಅದರ ಒಳಗೆ ಕೂತು ಅಳಬೇಕೆಂದುಕೊಂಡೆ. ಅಳು ಬರಲಿಲ್ಲ.

ಯುಗಾದಿಗೆ ಅತ್ತೆ ಗಂಡನ ಜೊತೆ ಬಂದಳು. ನಾನು ಎಡಗಡೆಯಿಂದ ಓಡಿಹೋಗಿ ಕೂಗಿದರೆ ಅವಳು ತಿರುಗಲಿಲ್ಲ. ಕಪಾಳಕ್ಕೆ ಬಿದ್ದ ಏಟಿಗೆ ಎಡಗಿವಿಯ ತಮಟೆ ಹರಿದಿತ್ತು. ಗಂಡ ಹೊರಗೆ ದೊಡ್ಡಪ್ಪನ ಜೊತೆ ಬೆಲ್ಲದ ದರ ಮಾತಾಡುತ್ತಿದ್ದ. ಅಡುಗೆಮನೆಯಲ್ಲಿ ಅಜ್ಜಿ ಮಗಳ ತಲೆಯನ್ನು ಎದೆಗೆ ಒತ್ತಿಕೊಂಡು, “ಏನ್ ಮಾಡ್ತಿ ನನ್ನವ್ವ, ಆ ದೇವ್ರು ನಿನ್ನ ಹಣೆಯಾಗೆ ಹಿಂಗೆ ಬರೆದು ಬಿಟ್ಟಾನೆ,” ಅಂದಳು. ದೊಡ್ಡವ್ವನೂ ಹಾಗೇ ಅಂದಳು. ಅತ್ತೆಯೂ ತಲೆಯಾಡಿಸಿದಳು. ಎಲ್ಲರೂ ಸೇರಿ ಬೈದದ್ದು ಒಬ್ಬನನ್ನೇ. ನನ್ನ ಸಿಟ್ಟೂ ಅವನ ಕಡೆಗೇ ಹರಿಯಿತು. ಮಧ್ಯಾಹ್ನ ಎಲ್ಲರೂ ಹೋಳಿಗೆ ಉಂಡು ಅಡ್ಡಾಗಿದ್ದಾಗ ದೇವರ ಕೋಣೆಗೆ ಹೋಗಿ ವೀರಭದ್ರನನ್ನು ಎರಡೂ ಕೈಯಲ್ಲಿ ಹಿಡಿದು ಗೋಡೆಗೆ ಮುಖ ಮಾಡಿ ನಿಲ್ಲಿಸಿದೆ. ಇನ್ನು ಯಾರ ವಿಷಯಕ್ಕೂ ಹೂವು ಕೊಡಬೇಡ, ಅಲ್ಲೇ ಸಾಯಿ ಅಂದೆ. ತಿರುಗಿ ನೋಡಿದರೆ ಬಾಗಿಲಲ್ಲಿ ಅಪ್ಪ.

ಅಪ್ಪ ಆ ಹೊಸ್ತಿಲು ದಾಟಿದ್ದನ್ನು ನಾನು ಎಂದೂ ನೋಡಿರಲಿಲ್ಲ. ಆವತ್ತು ದಾಟಿದ. ಚಪ್ಪಲಿ ಹೊರಗೇ ಬಿಟ್ಟು ಬಂದ. ವೀರಭದ್ರನನ್ನು ಎತ್ತಿ ಮೊದಲಿನಂತೆ ಬಾಗಿಲ ಕಡೆಗೆ ಮುಖ ಮಾಡಿ ಇಟ್ಟು, ಜಾರಿದ ಹಾರವನ್ನು ಸರಿಪಡಿಸಿ, ನನ್ನ ಪಕ್ಕ ನೆಲದ ಮೇಲೆ ಕೂತ.

“ಇವನ ಮ್ಯಾಲೆ ಯಾಕವ್ವ ಸಿಟ್ಟು? ಇವನು ಬ್ಯಾಡ ಅಂದಿದ್ದ. ನೀನೂ ನೋಡಿದ್ಯಲ್ಲ.”

“ಮತ್ತೆ ಆಮ್ಯಾಲೆ ಬಲಕ್ಕೆ ಯಾಕ ಕೊಟ್ಟ?”

“ನೀರು ಆರಿದ ಮ್ಯಾಲೆ ಹೂವು ಬಿದ್ದೇ ಬೀಳ್ತೈತೆ ನೀಲಿ, ಯಾವ ಕಡೆಗಾದ್ರೂ ಬೀಳ್ತೈತೆ. ನಿಮ್ಮತ್ತೇನ ಬಸ್ ಹತ್ತಿಸಿದ್ದು ಹೂವಲ್ಲ. ಕಿವಿಗೆ ಹೊಡೆದಿದ್ದೂ ಹೂವಲ್ಲ. ಮನುಷ್ಯರು ಮಾಡಿದ್ದನ್ನ ಇಲ್ಲದವನ ತಲೆಗೆ ಕಟ್ಟಬ್ಯಾಡ. ಕಟ್ಟಿದ್ರೆ ಮಾಡಿದವರು ಹೋಳಿಗೆ ತಿಂದು ಆರಾಮ ಮಲಗ್ತಾರೆ.”

ಪಡಸಾಲೆಯಲ್ಲಿ ಅತ್ತೆಯ ಗಂಡ ಮಲಗಿ ಗೊರಕೆ ಹೊಡೆಯುತ್ತಿದ್ದ. ನನಗೆ ಅಪ್ಪನ ಮಾತು ಪೂರ್ತಿ ಅರ್ಥವಾಯಿತು. ಆ ಗಳಿಗೆಯಿಂದ ನಾನು ಅಪ್ಪನ ಪಕ್ಷ. ದೇವರನ್ನು ನಂಬುವವರೆಲ್ಲ ಅವನ ಮೇಲೆ ತಪ್ಪು ಹೊರಿಸುತ್ತಿದ್ದ ಮನೆಯಲ್ಲಿ, ಅವನ ಪರವಾಗಿ ಮಾತಾಡಿದವನು ನಂಬದ ಅಪ್ಪನೊಬ್ಬನೇ. ಇದನ್ನು ನಾನು ಆಮೇಲೆ ಎಷ್ಟು ಜನರಿಗೆ ಎಷ್ಟು ಹೆಮ್ಮೆಯಿಂದ ಹೇಳಿದ್ದೇನೋ ಲೆಕ್ಕವಿಲ್ಲ.

ಅದೇ ವರ್ಷ ಅಪ್ಪ ನನ್ನನ್ನು ಕರೆದುಕೊಂಡು ಗಿರಣಿಯ ಹತ್ತಿರ ಒಂದು ಬಾಡಿಗೆ ಮನೆಗೆ ಹೋದ. ಅಲ್ಯುಮಿನಿಯಂ ತಟ್ಟೆಯನ್ನೂ ತಂದ. ಒಂದೇ ಕೋಣೆ, ಒಂದು ಅಡುಗೆಮೂಲೆ. ಪಂಕ್ತಿಯಿಲ್ಲ, ಬೇರೆ ತಟ್ಟೆಯೆಂಬ ಅವಮಾನವಿಲ್ಲ, ಇಬ್ಬರೂ ಎದುರುಬದುರು ಕೂತು ಉಣ್ಣಬಹುದು. ಸ್ವರ್ಗ ಅಂದುಕೊಂಡಿದ್ದೆ. ಹಬ್ಬ ಬಂದಾಗ ಗೊತ್ತಾಯಿತು. ಓಣಿಯ ಎಲ್ಲ ಬಾಗಿಲಿಗೂ ಮಾವಿನೆಲೆ, ನಮ್ಮ ಬಾಗಿಲು ಬೋಳು. ದೀಪಾವಳಿಯ ಸಂಜೆ ಹುಡುಗಿಯರು ಹೊಸ ಲಂಗ ಹಾಕಿಕೊಂಡು ಮನೆಮನೆಗೆ ದೀಪ ತೋರಿಸುತ್ತ ಬರುವಾಗ ನಮ್ಮ ಬಾಗಿಲನ್ನು ಬಿಟ್ಟು ಮುಂದೆ ಹೋದರು. ಬೇಕೆಂದು ಮಾಡಿದ್ದಲ್ಲ, ಆ ಮನೆಯಲ್ಲಿ ಹಬ್ಬವಿಲ್ಲ ಎಂದು ಅವರ ಅವ್ವಂದಿರು ಹೇಳಿಕೊಟ್ಟಿದ್ದರು. ಅಪ್ಪ ರಾತ್ರಿ ಪಾಳಿಗೆ ಹೋದರೆ ನಾನೊಬ್ಬಳೇ. ಹೆದರಿಕೆಯಾದಾಗ ಯಾರನ್ನಾದರೂ ಕರೆಯಬೇಕೆನ್ನಿಸಿ ಬಾಯಿಗೆ ಬಂದ ಹೆಸರನ್ನು ನುಂಗಿಕೊಳ್ಳುತ್ತಿದ್ದೆ. ಬೈಯುವುದಕ್ಕೂ ಒಬ್ಬ ಬೇಕು ಅಂತ ಅಪ್ಪ ಹೇಳಿದ್ದು ಆಗ ತಿಳಿಯಿತು. ಸತ್ಯ ಅನ್ನುವುದು ಇಷ್ಟು ಬಿಕೋ ಅನ್ನುತ್ತದೆ ಎಂದು ಅವನು ಮೊದಲೇ ಹೇಳಬಹುದಿತ್ತು.

ಆ ಮನೆಗೆ ಹೋದ ಮೇಲೆ ಅಪ್ಪನಲ್ಲಿ ಒಂದು ಹೊಸ ಗುಣ ಕಾಣಿಸಿಕೊಂಡಿತು. ಎಲ್ಲದಕ್ಕೂ ಬ್ಯಾಡ ಅನ್ನತೊಡಗಿದ. ಮೊದಲು ಅವನು ಅಂಥವನಲ್ಲ. ಜಗಳವೆಂದರೆ ಬುತ್ತಿ ಹಿಡಿದು ಹೊರಟುಬಿಡುವವನು. ಈಗ ಮಾತು ಮುಗಿಯುವ ಮೊದಲೇ ಎದುರಿನವರ ಮುಖಕ್ಕೆ ಹೇಳಿಬಿಡುತ್ತಿದ್ದ. ಪಕ್ಕದ ಮನೆಯವನು ಕುಡಿದು ಹೆಂಡತಿಯ ಮೇಲೆ ಕೈಯೆತ್ತಿದಾಗ ನಡುವೆ ಹೋಗಿ ನಿಂತು, “ಬ್ಯಾಡ,” ಅಂದ. ಮೇಸ್ತ್ರಿ ಗಾಯವಾದ ಕೂಲಿಯವನನ್ನು ಪಾಳಿಗೆ ನಿಲ್ಲಿಸಿದಾಗ ಬ್ಯಾಡ ಅಂದ, ಅದಕ್ಕೆ ಅವನ ಬಡ್ತಿಯೂ ಹೋಯಿತು. ಓಣಿಯವರು ಅವನಿಗೆ ಬ್ಯಾಡಪ್ಪ ಎಂದೇ ಹೆಸರಿಟ್ಟರು. “ಬ್ಯಾಡಪ್ಪ ಅದಾರೇನವ್ವ ಮನ್ಯಾಗೆ?” ಎಂದು ಬಾಗಿಲಲ್ಲಿ ಕೇಳುವರು. ನನಗೆ ನಾಚಿಕೆಯಾಗುತ್ತಿತ್ತು. ನಾನು ಕಾಲೇಜು ಮುಗಿಸುವ ಹೊತ್ತಿಗೆ ಲೋಕಿಕೆರೆಯ ಕಡೆಯ ಒಂದು ಗಂಡನ್ನು ದೊಡ್ಡಪ್ಪನೇ ಹುಡುಕಿಕೊಂಡು ಬಂದ. ಹೊಲ ಮನೆ ಚೆನ್ನಾಗಿತ್ತು. ಮೊದಲ ಹೆಂಡತಿ ಯಾಕೆ ಬಿಟ್ಟು ಹೋದಳು ಎಂದು ಅಪ್ಪ ಕೇಳಿದರೆ ಗಂಡಿನವರು ಒಬ್ಬರ ಮುಖ ಒಬ್ಬರು ನೋಡಿದರು. ದೊಡ್ಡಪ್ಪ ನಡುವೆ ಬಾಯಿ ಹಾಕಿ, ನಮ್ಮ ಮನೆಯಲ್ಲಿ ಹೂ ಕೇಳಿ ತೀರ್ಮಾನ ಮಾಡಿದರಾಯಿತು ಅಂದ.

“ಹೂವು ಬ್ಯಾಡ, ನಾನೇ ಹೇಳ್ತೀನಿ,” ಅಂದ ಅಪ್ಪ. “ನನ್ನ ಮಗಳನ್ನ ಕೊಡಂಗಿಲ್ಲ. ಬ್ಯಾಡ.”

ಅದಾದ ಮೇಲೆ ನಮ್ಮ ಬಾಗಿಲಿಗೆ ಯಾವ ಸಂಬಂಧವೂ ಬರಲಿಲ್ಲ. ನಾನೂ ಹುಡುಕಿಕೊಳ್ಳಲಿಲ್ಲ. ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ಹಿಡಿದು ಅಲ್ಲೇ ತಲೆ ಹಣ್ಣಾದವಳು ನಾನು. ದೇವರು ನನಗ್ಯಾಕೆ ಈ ಸಕ್ಕರೆ ಕಾಯಿಲೆ ಕೊಟ್ಟ ಎಂದು ಅಳುವವರ ಬೆರಳು ಹಿಡಿದರೆ ಬೆರಳಿಗೆ ಜಿಲೇಬಿಯ ಪಾಕ ಅಂಟಿರುತ್ತಿತ್ತು. ಮೊದಮೊದಲು ಅಪ್ಪನ ಮಾತನ್ನು ಅವರಿಗೆ ಹೇಳುತ್ತಿದ್ದೆ, ಆಮೇಲೆ ಸೂಜಿ ಚುಚ್ಚಿ ಸುಮ್ಮನಾಗುತ್ತಿದ್ದೆ. ಅಪ್ಪ ತೀರಿಕೊಂಡಾಗ ದೊಡ್ಡಪ್ಪನ ಮಕ್ಕಳು ಬಂದು ಅವನ ಹಣೆಗೆ ವಿಭೂತಿ ಬಳಿದು, ಕೊರಳಿಗೆ ಲಿಂಗ ಕಟ್ಟಿಯೇ, ಪದ್ಧತಿಯಂತೆ ಕೂರಿಸಿ ಮಣ್ಣು ಮಾಡಿದರು. ಬ್ಯಾಡ ಅನ್ನಬೇಕಾದವನು ಅನ್ನದೆ ಕೂತಿದ್ದ. ನನಗೂ ಅನ್ನಲು ಶಕ್ತಿ ಇರಲಿಲ್ಲ.

ಈ ಸಲ ಶ್ರಾವಣದಲ್ಲಿ ಹರಿಹರಕ್ಕೆ ಹೋಗಿದ್ದೆ. ಗಿರಿಜತ್ತೆಗೆ ಈಗ ಎಂಬತ್ತರ ಹತ್ತಿರ. ಗಂಡ ಹೋಗಿ ಬಹಳ ಕಾಲವಾಯಿತು, ಮಗ ಸೊಸೆ ಬಟ್ಟೆ ಅಂಗಡಿ ನಡೆಸುತ್ತಾರೆ, ಮನೆ ತುಂಬ ಮೊಮ್ಮಕ್ಕಳು. ಪೇಟೆಯ ಹಳೆಯ ಮನೆ ಪಾಲಾದಾಗ ಹಿತ್ತಾಳೆಯ ವೀರಭದ್ರ ಯಾರಿಗೂ ಬೇಡವಾಗಿ ಅತ್ತೆಯ ಪಾಲಿಗೆ ಬಂದಿದ್ದಾನೆ. ಮೂಗು ಇನ್ನಷ್ಟು ಸವೆದಿದೆ. ಅತ್ತೆ ಈಗಲೂ ಅವನಿಗೆ ಹೂ ಕೇಳುತ್ತಾಳೆ, ಬಿ.ಪಿ. ಮಾತ್ರೆ ನುಂಗಬೇಕೋ ಬೇಡವೋ ಎಂದೂ ಕೇಳುತ್ತಾಳೆ. ಎಡಕ್ಕೆ ಬಿದ್ದರೂ ನುಂಗತ್ತೆ ಎಂದು ನಾನು ಗದರಿದೆ, ನಕ್ಕಳು. ನನ್ನನ್ನು ತನ್ನ ಬಲಗಡೆ ಕೂರಿಸಿಕೊಂಡು ಸೊಸೆ ತಂದ ಮಂಡಕ್ಕಿಯ ತಟ್ಟೆಯನ್ನು ಮುಂದಿಟ್ಟಳು. ಎಷ್ಟೋ ವರ್ಷದಿಂದ ಕೇಳಬೇಕೆಂದಿದ್ದನ್ನು ಕೇಳಿದೆ.

“ಅತ್ತೆ, ನಿನಗೆ ಇವನ ಮ್ಯಾಲೆ ಸಿಟ್ಟು ಬರಲೇ ಇಲ್ಲವಾ?”

“ಬರ್ದೇ ಏನವ್ವ. ಎಲ್ಲಾ ಇವನ ಮ್ಯಾಲೇ ಹಾಕಿದೆ. ಇವನು ತಡ್ಕೊತಾನೆ, ಹಿತ್ತಾಳೆಯವ. ಅವ್ವನ ಮ್ಯಾಲೆ, ದೊಡ್ಡಣ್ಣನ ಮ್ಯಾಲೆ ಹಾಕಿದ್ರೆ ಹಬ್ಬಕ್ಕೆ ಯಾರ ಮನೆಗೆ ಬರ್ಲಿ? ಯಾರ ಮುಂದೆ ಕುಂತು ಅಳ್ಲಿ? ನನಗೆ ತವರು ಬೇಕಾಗಿತ್ತು ನೀಲಿ.”

ನಾನೂ ಅಪ್ಪನೂ ಸತ್ಯವನ್ನು ಇಟ್ಟುಕೊಂಡು ಬಾಡಿಗೆ ಮನೆಯಲ್ಲಿ ಕೂತೆವು, ಅವಳು ಸುಳ್ಳೋ ನಿಜವೋ ಒಂದನ್ನು ಹಿಡಿದು ಎಲ್ಲರನ್ನೂ ಉಳಿಸಿಕೊಂಡಳು. ಆದರೂ ಬಿಟ್ಟುಕೊಡಲು ಮನಸ್ಸಾಗಲಿಲ್ಲ. ನನ್ನ ಹಳೆಯ ಹೆಮ್ಮೆಯನ್ನು ಹೊರಗೆ ತೆಗೆದೆ.

“ಅಪ್ಪ ಒಬ್ಬನಾದ್ರೂ ಇದ್ದದ್ದು ಹೇಳಿದನಲ್ಲ ಅತ್ತೆ. ನಿಮ್ಮ ದೇವ್ರೇ ಬ್ಯಾಡ ಅಂದ ಅಂತ ಎಲ್ಲರ ಎದುರಿಗೇ ಹೇಳಿದ.”

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

“ಹೌದು, ಹೇಳಿದ. ಆಗ ನನ್ನ ಎರಡೂ ಕಿವಿ ಚಲೋ ಇದ್ದವು, ಚಂದಾಗಿ ಕೇಳ್ತು. ದೇವ್ರು ಬ್ಯಾಡ ಅಂದ ಅಂತ ಹೇಳಿದ. ಆಮ್ಯಾಲೆ ಕಂಬದತ್ರ ನಿಂತ್ಕೊಂಡ. ನಾನು ಕಾಯ್ಕೊಂಡು ಕುಂತೆ, ಈಗ ಅಂತಾನೆ, ಈಗ ಅಂತಾನೆ ಅಂತ. ದೇವ್ರನ್ನ ನಂಬದ ಮನುಷ್ಯ ದೇವರ ಮಾತು ಹೇಳಿ ಗಿರಣಿಗೆ ಹೋದ. ನಾನು ಬ್ಯಾಡ ಅಂತೀನಿ, ನನ್ನ ತಂಗೀನ ಕಳಿಸಂಗಿಲ್ಲ ಅಂತ ತನ್ನ ಬಾಯಾಗೆ ಒಂದು ಮಾತು ಅನ್ನಲಿಲ್ಲ.”

ದನಿಯಲ್ಲಿ ಸಿಟ್ಟು ಇರಲಿಲ್ಲ. ಅದನ್ನೇ ನನಗೆ ತಡೆಯಲಾಗಲಿಲ್ಲ. ಪಕ್ಕದ ಮನೆಯವನ ಮುಂದೆ, ಮೇಸ್ತ್ರಿಯ ಮುಂದೆ, ದೊಡ್ಡಪ್ಪನ ಮುಂದೆ ಅಪ್ಪ ಹೇಳುತ್ತ ಬಂದ ಬ್ಯಾಡಗಳೆಲ್ಲ ಒಟ್ಟಿಗೆ ನೆನಪಾದವು. ಅವೆಲ್ಲ ಯಾರಿಗೆ ಸಲ್ಲಬೇಕಾಗಿದ್ದವು ಅನ್ನುವುದು ಅವನಿಗೆ ಗೊತ್ತಿತ್ತು, ಅವನ ಎದುರು ಕೂತು ಅಷ್ಟು ವರ್ಷ ಉಂಡ ನನಗೆ ಗೊತ್ತಾಗಿರಲಿಲ್ಲ. ಲೋಕಿಕೆರೆಯ ಗಂಡಿನ ಕತೆಯನ್ನು ಅತ್ತೆಗೆ ಹೇಳಿದೆ. ಅವಳು ಬಲಗಿವಿಯನ್ನು ನನ್ನ ಬಾಯಿಯ ಹತ್ತಿರ ತಂದಳು.

“ಏನಂದ? ಇನ್ನೊಂದು ಸಲ ಹೇಳು.”

“ಹೂವು ಬ್ಯಾಡ, ನಾನೇ ಹೇಳ್ತೀನಿ, ಕೊಡಂಗಿಲ್ಲ ಅಂದ.” ಜೋರಾಗಿಯೇ ಹೇಳಿದೆ. ಜಗಳವಾಗುತ್ತಿದೆಯೆಂದುಕೊಂಡು ಸೊಸೆ ಅಡುಗೆಮನೆಯಿಂದ ಇಣುಕಿದಳು.

“ಕಲ್ತನಲ್ಲ ಬಿಡು,” ಅಂದಳು ಅತ್ತೆ. ಕಣ್ಣೊರೆಸಿಕೊಂಡು ನನ್ನ ತಟ್ಟೆಯನ್ನು ಇನ್ನಷ್ಟು ಮುಂದಕ್ಕೆ ಸರಿಸಿದಳು. “ತಿನ್ನು, ಮಂಡಕ್ಕಿ ಮೆತ್ತಗಾಗ್ತೈತೆ.”

ಸಂಜೆಯ ಬಸ್ಸಿಗೆ ದಾವಣಗೆರೆಗೆ ಬಂದೆ. ಬೀಗ ತೆಗೆದು ದೀಪ ಹಾಕಿದೆ. ಅಪ್ಪನ ಅಲ್ಯುಮಿನಿಯಂ ತಟ್ಟೆಯಲ್ಲೇ ನಾನು ಈಗ ಉಣ್ಣುವುದು, ಅನ್ನ ಹಾಕಿಕೊಂಡು ಕೂತೆ. ಆವತ್ತು ಕಂಬದ ಹತ್ತಿರ ಯಾಕೆ ಸುಮ್ಮನೆ ನಿಂತೆ ಎಂದು ಕೇಳಬೇಕು, ಕೇಳಿ ಜಗಳ ಆಡಬೇಕು, ಅಷ್ಟು ಸಿಟ್ಟು ಬಂದಿತ್ತು. ಕೇಳಲು ಎದುರಿಗೆ ಯಾರೂ ಇರಲಿಲ್ಲ. ಇಲ್ಲದವನ ತಲೆಗೆ ಕಟ್ಟಬ್ಯಾಡ ಎಂದು ಹೇಳಿಕೊಟ್ಟವನೂ ಅವನೇ.